ತಿರುಗಿ ಬಂದವನಿಗೆ ಕಲ್ಲಿಲ್ಲ

ಕುಮಟೆಯ ಒಂದು ಸಹಕಾರಿ ಸಂಘದ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂರುವ ಹವಾಲ್ದಾರರೊಬ್ಬರು ನನಗೆ ಹತ್ತು ಹನ್ನೆರಡು ವರ್ಷಗಳಿಂದ ಪರಿಚಯ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದವರು. ಅಂಗಿಯ ತೋಳು ಮಡಚುವ ರೀತಿ, ಷೂ ಹೊಳಪು, ಕೂತಾಗಲೂ ನೆಟ್ಟಗಿರುವ ಬೆನ್ನು ನೋಡಿದರೆ ಯಾರಾದರೂ ‘ಮಿಲಿಟರಿಯವರು’ ಎಂದು ಹೇಳಬಹುದು. ಊರಿನವರು ಅವರನ್ನು ಕೇಳುವುದು ಎರಡೇ ಪ್ರಶ್ನೆ. ದೊಡ್ಡವರದು, “ಕ್ಯಾಂಟೀನಿಗೆ ಹೋಗೂದು ಯಾವಾಗ?” ಮಕ್ಕಳದು, “ಎಷ್ಟು ಜನರನ್ನ ಹೊಡೆದ್ರಿ?” ಮೊದಲನೆಯದಕ್ಕೆ ಅವರು ತಾರೀಖು ಹೇಳುತ್ತಾರೆ, ಕೋಟಾದ ರಮ್ಮಿನ ಮೇಲೆ ಊರಿನ ಗೌರವವೆಲ್ಲ ನಿಂತಿದೆ ಎಂಬುದು ಅವರಿಗೂ ಗೊತ್ತು. ಎರಡನೆಯದಕ್ಕೆ ಸುಮ್ಮನೆ ನಗುತ್ತಾರೆ.

ನಾನೂ ವರ್ಷಗಟ್ಟಲೆ ಇಂಥದೇ ಪ್ರಶ್ನೆ ಕೇಳಿದವನು. ಸ್ವಲ್ಪ ಶಿಷ್ಟವಾಗಿ ಕೇಳಿದ್ದೆ, ಅಷ್ಟೇ: “ಸಿಯಾಚಿನ್‌ನಲ್ಲಿ ಹೇಗಿತ್ತು?” ಉತ್ತರವೂ ಪ್ರತಿ ಸಲ ಒಂದೇ: “ಎಂತ ಹೇಳೂದು ತಮಾ, ಚಳಿ.” ಆಮೇಲೆ ಒಂದಷ್ಟು ಸೈನಿಕರ ನೆನಪಿನ ಪುಸ್ತಕಗಳನ್ನು ಓದಿದೆ. ಅವುಗಳಲ್ಲಿ ಶೌರ್ಯಕ್ಕಿಂತ ಹೆಚ್ಚಾಗಿ ಷೂ, ಕಾಲ್ಚೀಲ, ತಡವಾಗಿ ಬಂದ ಟಪಾಲು, ತಣ್ಣಗಾದ ಊಟ ತುಂಬಿರುವುದು ಕಂಡಿತು. ಮುಂದಿನ ಸಲ ಸಿಕ್ಕಾಗ ಕೇಳಿದೆ: “ಅಲ್ಲಿ ಕಾಲ್ಚೀಲ ಎಲ್ಲಿ ಒಣಗಿಸ್ತಿದ್ರಿ?” ಹವಾಲ್ದಾರರು ನನ್ನನ್ನೇ ನೋಡಿದರು. “ಕಾಲ್ಚೀಲಾ? ಹೊಟ್ಟೆ ಮೇಲೆ ತಮಾ. ಒದ್ದೆ ಚೀಲ ಹೊಟ್ಟೆ ಮೇಲೆ ಹಾಕ್ಕಂಡು ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗೂದು. ಬೆಳಿಗ್ಗೆ ಎದ್ದಾಗ ಚೀಲ ಒಣಗಿರ್ತದೆ, ಹೊಟ್ಟೆ ತಣ್ಣಗಾಗಿರ್ತದೆ.” ಅಲ್ಲಿಂದ ಮಾತು ಹರಿಯಿತು. ಬುಖಾರಿ ಒಲೆಯ ಸೀಮೆಎಣ್ಣೆ ಮಸಿಯಿಂದ ಉಗುಳೆಲ್ಲ ಕಪ್ಪಗಾಗುತ್ತಿದ್ದದ್ದು, ಕಿತ್ತಳೆ ಹಣ್ಣು ಕಲ್ಲಾಗಿ ಕೈಯಲ್ಲಿ ಟಣ್ ಎನ್ನುತ್ತಿದ್ದದ್ದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ನಡೆಯುವಾಗ ಮುಂದಿನವನ ಹಗ್ಗ ಬಿಗಿಯಾದರೆ ಎದೆ ಧಸಕ್ ಎನ್ನುತ್ತಿದ್ದದ್ದು. ಒಂದೂವರೆ ಗಂಟೆ. ಸಂಘಕ್ಕೆ ಹಣ ಕಟ್ಟಲು ಬಂದ ಇಬ್ಬರು ಹೆಂಗಸರೂ ಪಾಸ್‌ಬುಕ್ ಹಿಡಿದುಕೊಂಡೇ ನಿಂತು ಕೇಳಿದರು.

ಈ ಲೇಖನಕ್ಕೆ ಮೂಲ ಅದೇ ಕಾಲ್ಚೀಲ. ನಿವೃತ್ತ ಸೈನಿಕರನ್ನು ಗೌರವಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದರೆ ಶಾಲು ಎನ್ನುತ್ತಾರೆ. ಅವರ ಹತ್ತಿರ ಕೇಳುವ ಪ್ರಶ್ನೆಯನ್ನು ಮೊದಲು ಕಲಿಯಬೇಕು, ಅದನ್ನು ಕಲಿಸುವುದು ಸೈನಿಕರ ಪುಸ್ತಕಗಳು ಎಂಬುದು ನನ್ನ ಅನುಭವ. ಆದರೆ ಆ ಪುಸ್ತಕಗಳು ಯಾರವು, ಯಾವ ಭಾಷೆಯವು, ಎಷ್ಟು ನಂಬಬಹುದು? ಭಟ್ಕಳ, ಹೊನ್ನಾವರ, ಕುಮಟಾದಂಥ ಕಡಲ ಬದಿಯ ಊರುಗಳಲ್ಲಿ ಕುಳಿತು ಓದುವವನಿಗೆ ಅವು ಏನು ಕೊಡುತ್ತವೆ?

ಇಲ್ಲಿ ಕೊಡಗಿನ ಹಾಗೆ ಮನೆಗೊಬ್ಬ ಸೈನಿಕ ಎಂಬ ಪದ್ಧತಿ ಬೆಳೆದು ಬಂದಿಲ್ಲ. ಮನೆ ಬಿಟ್ಟು ಹೋಗುವುದು ಮಾತ್ರ ಹೊಸದಲ್ಲ. ಭಟ್ಕಳದ ನವಾಯತರು ಮೊದಲು ವ್ಯಾಪಾರಕ್ಕೆ, ಆಮೇಲೆ ಕೊಲ್ಲಿ ದೇಶಗಳಿಗೆ. ಹೊನ್ನಾವರದವರು ಮುಂಬಯಿಯ ಹೊಟೇಲುಗಳಿಗೆ. ಕುಮಟೆಯವರು ಮೇಷ್ಟರಾಗಿ, ಗುಮಾಸ್ತರಾಗಿ ಎಲ್ಲೆಲ್ಲಿಗೋ. ಅಂಥ ಹಲವು ಹೋಗುವಿಕೆಗಳಲ್ಲಿ ಸೈನ್ಯವೂ ಒಂದು. 1956ರ ತನಕ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಹಾಗಾಗಿ ಇಲ್ಲಿನ ಹುಡುಗರ ದಾರಿ ಬೆಳಗಾವಿಯ ಮರಾಠಾ ರೆಜಿಮೆಂಟಿಗೋ, ಪುಣೆ ಹತ್ತಿರದ ಖಡಕಿಯ ಬಾಂಬೆ ಸ್ಯಾಪರ್ಸಿಗೋ, ಮುಂಬಯಿಯ ನೌಕಾಪಡೆಗೋ ಹೋಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವ ಮೊದಲು ರಜೆಗೆ ಬರುವವನು ಹುಬ್ಬಳ್ಳಿಯಲ್ಲಿಳಿದು, ಕಪ್ಪು ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಮನೆ ಸೇರಬೇಕಿತ್ತು. ಕೊಲ್ಲಿಯಿಂದ ಬಂದವನು ಟೇಪ್ ರೆಕಾರ್ಡರ್ ತರುತ್ತಿದ್ದ, ಅಲ್ಲಿನ ಕಥೆ ಹೇಳುತ್ತಿದ್ದ. ಸೈನ್ಯದಿಂದ ಬಂದವನು ಕಂಬಳಿ ತರುತ್ತಿದ್ದ, ಕಥೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದ.

ಕಥೆ ಹೇಳುವ ಸಂಪ್ರದಾಯ ನಮ್ಮಲ್ಲಿ ಇರಲಿಲ್ಲವೇ ಎಂದರೆ, ಬೇಕಾದಷ್ಟಿತ್ತು. ಗೇರುಸೊಪ್ಪೆಯ, ಹಾಡುವಳ್ಳಿಯ ರಾಜ್ಯಗಳಾಳಿದ ನಾಡಿದು. ಹಳೆಯ ಬಸದಿ, ದೇವಸ್ಥಾನಗಳ ಬದಿಯಲ್ಲಿ ವೀರಗಲ್ಲುಗಳು ಒರಗಿ ನಿಂತಿರುತ್ತವೆ, ಕೆಲವಕ್ಕೆ ಯಾರೋ ಕುಂಕುಮ ಹಚ್ಚಿರುತ್ತಾರೆ. ವೀರಗಲ್ಲಿನ ವ್ಯಾಕರಣ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಯಾವ ಕಾರಣಕ್ಕೆ ಸತ್ತ ಎಂಬುದಕ್ಕೂ ಹೆಸರಿದೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಮಾತಿದೆ. ಇವತ್ತಿನ ಕುಟುಂಬ ಪಿಂಚಣಿಗಿಂತ ಹೆಚ್ಚು ನೇರವಾದ ಹೆಸರು. ಆದರೆ ಕಾಳಗದಿಂದ ಕಾಲು ಕುಂಟುತ್ತಾ ತಿರುಗಿ ಬಂದು, ಮೂವತ್ತು ವರ್ಷ ಗದ್ದೆ ಮಾಡಿ ಹಾಸಿಗೆಯಲ್ಲಿ ಸತ್ತವನಿಗೆ ಈ ಕಲ್ಲಿನ ಶಿಲ್ಪದಲ್ಲಿ ಪಟ್ಟಿಕೆಯೇ ಇಲ್ಲ.

ಇದಕ್ಕೆ ಅಪವಾದ ಸಿಗುವುದು ಎಲ್ಲಿ ಎಂದರೆ ಕನ್ನಡದ ತೀರಾ ಹಳೆಯ ಬರಹವೊಂದರಲ್ಲಿ. ಸುಮಾರು 450ರ ಹಲ್ಮಿಡಿ ಶಾಸನ ದಾಖಲಿಸಿರುವುದು ವಿಜ ಅರಸನಿಗೆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ ಹಳ್ಳಿಗಳನ್ನು ‘ಬಾಳ್ಗಳ್ಚು’ವಾಗಿ, ಎಂದರೆ ಕತ್ತಿ ತೊಳೆದ ಗೌರವವಾಗಿ, ಬಿಟ್ಟುಕೊಟ್ಟದ್ದನ್ನು. ಶಾಲೆಯಲ್ಲಿ ಅದನ್ನು ಭಾಷೆಯ ಪಾಠವಾಗಿ ಓದಿದೆವು. ಅದು ಹೋರಾಡಿ ಬದುಕಿದ್ದವನಿಗೆ ಸಂದ ಮರ್ಯಾದೆಯ ಕಾಗದ ಎಂದು ನಮ್ಮ ಮೇಷ್ಟರು ಹೇಳಿದ ನೆನಪಿಲ್ಲ.

ಇನ್ನು ಯಕ್ಷಗಾನ. ಹೊನ್ನಾವರ, ಕುಮಟೆಯ ಮನುಷ್ಯನಿಗೆ ಯುದ್ಧ ಎಂದರೆ ಮೊದಲು ನೆನಪಾಗುವುದು ಕಾಳಗದ ಪ್ರಸಂಗ, ಏರುಮದ್ದಳೆ, ಗುಣವಂತೆಯ ಕೆರೆಮನೆಯಂಥ ಮೇಳಗಳ ಅಭಿಮನ್ಯು, ಕರ್ಣ, ಭೀಷ್ಮ. ಅಲ್ಲಿ ವೀರ ಮಾತಾಡಿಯೇ ಆಡುತ್ತಾನೆ. ಬಾಣ ಬಿಡುವುದಕ್ಕೆ ಮೊದಲು ಅರ್ಧ ತಾಸು ಅರ್ಥ ಹೇಳುತ್ತಾನೆ. ನಿಜವಾದ ಯುದ್ಧದಿಂದ ಬಂದವನು ಮಾತೇ ಆಡದಿದ್ದಾಗ ನಮಗೆ ಅದು ವೀರರಸದ ಕೊರತೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ರಾತ್ರಿಯಿಡೀ ಭೀಷ್ಮನ ಮಾತು ಕೇಳಿದವರು ಹವಾಲ್ದಾರನ ‘ಚಳಿ’ ಎಂಬ ಒಂದು ಶಬ್ದವನ್ನು ಏನು ಮಾಡಬೇಕು?

ಈ ಕರಾವಳಿಯಲ್ಲೇ ನಡೆದ ಯುದ್ಧದ ನೆನಪು ಪುಸ್ತಕವಾದದ್ದೂ ಇದೆ, ಎದುರಾಳಿಯ ಕೈಯಲ್ಲಿ. ಎರಡನೆಯ ಮೈಸೂರು ಯುದ್ಧದ ಕೊನೆಗೆ, 1783ರಲ್ಲಿ, ಜನರಲ್ ಮ್ಯಾಥ್ಯೂಸನ ಪಡೆ ಹೊನ್ನಾವರದ ಕೋಟೆಯನ್ನು ಹಿಡಿಯಿತು. ಅಲ್ಲಿ ಉಳಿದ ತುಕಡಿಗೆ ಕ್ಯಾಪ್ಟನ್ ಟೊರಿಯಾನೊ ನಾಯಕ. ಟಿಪ್ಪುವಿನ ಸೇನೆ ಮುತ್ತಿಗೆ ಹಾಕಿತು; 1784ರ ಮಾರ್ಚ್‌ನ ಮಂಗಳೂರು ಒಪ್ಪಂದ ಆಗುವ ತನಕ ಆತ ಕೋಟೆ ಬಿಟ್ಟುಕೊಡಲಿಲ್ಲ. ಈ ಮುತ್ತಿಗೆಯ ವಿವರವಾದ ಕಥನವನ್ನು ಜೇಮ್ಸ್ ಫೋರ್ಬ್ಸ್ 1813ರಲ್ಲಿ ಪ್ರಕಟವಾದ ತನ್ನ ‘ಓರಿಯೆಂಟಲ್ ಮೆಮ್ವಾರ್ಸ್’ನಲ್ಲಿ ಸೇರಿಸಿದ. ಶರಾವತಿಯ ಅಳಿವೆ, ಮಳೆಗಾಲ, ಹಸಿವು, ರೋಗ ಎಲ್ಲ ಅದರಲ್ಲಿ ಬರುತ್ತವೆ. ಹೊನ್ನಾವರದವನು ಓದಿದರೆ ಆಷಾಢದ ಗಾಳಿಯ ದಿಕ್ಕು ಕೂಡ ಗುರುತು ಸಿಗುತ್ತದೆ. ಸಿಗದೇ ಇರುವುದು ಒಂದು: ಕೋಟೆಯ ಒಳಗೆ ಕಂಪೆನಿಗಾಗಿ, ಹೊರಗೆ ಟಿಪ್ಪುವಿಗಾಗಿ ಹಸಿದು ನಿಂತಿದ್ದ ಸಾವಿರಾರು ಸಿಪಾಯಿಗಳ ಹೆಸರು. ಮುತ್ತಿಗೆಯ ಕಥೆ ಕ್ಯಾಪ್ಟನ್ನಿನದಾಯಿತು. ಇನ್ನೂರು ವರ್ಷಗಳ ನಂತರವೂ ಸೈನಿಕ ಸಾಹಿತ್ಯದ ರೂಢಿ ಬಹಳ ಬದಲಾಗಿಲ್ಲ. ಬರೆದವರು ಅಧಿಕಾರಿಗಳು, ಬರೆದದ್ದು ಇಂಗ್ಲಿಷಿನಲ್ಲಿ.

ಅಧಿಕಾರಿಗಳ ಪುಸ್ತಕಗಳನ್ನು ಹಾಗೆಂದು ಬದಿಗಿಡಲಾಗುವುದಿಲ್ಲ. ಕನ್ನಡ ಓದುಗರಲ್ಲಿ ಬಹಳ ಮಂದಿಗೆ ಸೈನಿಕ ಸಾಹಿತ್ಯದ ಬಾಗಿಲು ತೆರೆದದ್ದು ರವಿ ಬೆಳಗೆರೆ ಕನ್ನಡಕ್ಕೆ ತಂದ ‘ಹಿಮಾಲಯನ್ ಬ್ಲಂಡರ್’. ಮೂಲ ಬ್ರಿಗೇಡಿಯರ್ ಜೆ.ಪಿ. ದಳವಿಯವರದು, 1969ರದು. 1962ರಲ್ಲಿ ನಾಮ್ಕಾ ಚು ಹೊಳೆಯ ದಡದಲ್ಲಿದ್ದ 7ನೇ ಇನ್‌ಫೆಂಟ್ರಿ ಬ್ರಿಗೇಡಿಗೆ ಅವರೇ ಮುಖ್ಯಸ್ಥರು. ಅಕ್ಟೋಬರ್ 20ರಂದು ಚೀನೀಯರ ದಾಳಿ, 22ರಂದು ದಳವಿ ಸೆರೆ, ಮರುವರ್ಷ ಮೇ ತಿಂಗಳಲ್ಲಿ ಬಿಡುಗಡೆ. ಹತ್ತಿ ಬಟ್ಟೆಯಲ್ಲಿ, ಕ್ಯಾನ್ವಾಸ್ ಷೂಗಳಲ್ಲಿ, ತಲೆಗೆ ಐವತ್ತು ಗುಂಡುಗಳೊಂದಿಗೆ ಹಿಮಾಲಯದಲ್ಲಿ ನಿಲ್ಲಿಸಲಾದ ಜವಾನರ ಚಿತ್ರ ಆ ಪುಸ್ತಕದಿಂದ ಕನ್ನಡದ ಮನೆ ಮನೆಗೆ ಬಂತು. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಅದನ್ನು ಕೊಂಡು, ಊರು ಮುಟ್ಟುವುದರೊಳಗೆ ಅರ್ಧ ಮುಗಿಸಿದವರು ನನಗೆ ಗೊತ್ತು. ನಾನೂ ಅವರಲ್ಲೊಬ್ಬ.

ಕನ್ನಡದ ಪುಸ್ತಕದಲ್ಲಿ ಬೆಳಗೆರೆಯವರ ಏರುದನಿಯೂ ಸೇರಿಕೊಂಡಿದೆ ಎಂಬುದನ್ನು ಮರೆಯಬಾರದು. ಅದು ಓದಿಸಿಕೊಂಡು ಹೋಗುವುದಕ್ಕೆ ಕಾರಣವೂ ಅದೇ, ದಳವಿಯವರ ಸೈನಿಕ ಶಿಸ್ತಿನ ಕಹಿ ಕೆಲವೆಡೆ ಬಿಸಿಯಾಗಿ ಕೇಳುವುದಕ್ಕೆ ಕಾರಣವೂ ಅದೇ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಳವಿಯವರ ಮೇಲಿದ್ದ 4ನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಎರಡು ವರ್ಷ ಮೊದಲೇ, 1967ರಲ್ಲಿ, ‘ದಿ ಅನ್‌ಟೋಲ್ಡ್ ಸ್ಟೋರಿ’ ಎಂಬ ತಮ್ಮ ಪುಸ್ತಕ ತಂದಿದ್ದರು. ಅದೇ ಹೊಳೆ, ಅದೇ ಅಕ್ಟೋಬರ್. ದಾಳಿಯ ಹೊತ್ತಿಗೆ ಕೌಲ್ ಕಾಯಿಲೆಯಾಗಿ ದಿಲ್ಲಿಯಲ್ಲಿದ್ದರು. ಅದು ಅವರ ಪುಸ್ತಕದಲ್ಲಿ ಒಂದು ಬಗೆಯಲ್ಲಿ ಬರುತ್ತದೆ, ದಳವಿಯವರ ಪುಸ್ತಕದಲ್ಲಿ ಇನ್ನೊಂದು ಬಗೆಯಲ್ಲಿ. ಸೋಲಿನ ಕುರಿತು ಸೈನ್ಯವೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವಿಚಾರಣೆಯ ವರದಿಯನ್ನು ಸರ್ಕಾರ ಬಹಿರಂಗ ಮಾಡಿಲ್ಲ; ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಹೊರಗೆ ಹಾಕಿದ್ದೇ ನಮಗೆ ಸಿಕ್ಕದ್ದು. ಹೀಗಾಗಿ ಆರು ದಶಕ ಕಳೆದರೂ ಓದುಗನ ಕೈಯಲ್ಲಿರುವುದು ಬಹುಪಾಲು ಸಾಕ್ಷಿಗಳ ಹೇಳಿಕೆ. ಒಂದೇ ಸಾಕ್ಷಿಯನ್ನು ಕೇಳಿ ತೀರ್ಪು ಬರೆಯುವ ಚಟ ನಮಗೆ ಬಂದದ್ದು ಎರಡನೆಯ ಪುಸ್ತಕ ಕನ್ನಡದ ಓದುಗನ ಕೈಗೆ ಬಾರದೆ ಇದ್ದುದರಿಂದ ಎಂದು ನನ್ನ ಗುಮಾನಿ.

ಸೈನಿಕ ನೆನಪುಗಳಲ್ಲಿ ಸಮರ್ಥನೆಗೆಂದು ಬರೆದವು ಬಹಳ. ನಿವೃತ್ತ ಜನರಲ್‌ಗಳ ಪುಸ್ತಕ ಬಂದಾಗಲೆಲ್ಲ ಮೊದಲು ಹುಡುಕುವುದು ಯಾರ ಮೇಲೆ ಏನು ಹೇಳಿದ್ದಾರೆ ಎಂದು. ಜನರಲ್ ನರವಣೆಯವರ ನೆನಪಿನ ಪುಸ್ತಕ 2024ರ ಆರಂಭಕ್ಕೆ ಬರಬೇಕಾಗಿದ್ದದ್ದು ಅನುಮತಿಯ ಪರಿಶೀಲನೆಯಲ್ಲಿ ಸಿಕ್ಕಿಕೊಂಡಾಗ ಓದುಗರಿಗಿಂತ ಟೀವಿಯವರಿಗೆ ಹೆಚ್ಚು ಬೇಸರವಾದಂತಿತ್ತು. ಇಂಥ ಪುಸ್ತಕಗಳಿಂದ ರಾಜಕೀಯ ತಿಳಿಯುತ್ತದೆ. ಹವಾಲ್ದಾರರ ಹತ್ತಿರ ಕೂತು ಮಾತಾಡುವುದಕ್ಕೆ ಅವು ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ಪುಸ್ತಕ ಓದಿದ್ದರಿಂದಲೇ ಸೈನಿಕನಿಗೆ ನ್ಯಾಯ ಸಿಕ್ಕಿದ ಒಂದು ಪ್ರಸಂಗ ನಮ್ಮ ರಾಜ್ಯದಲ್ಲೇ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದರು. ಮೊದಲ ಪಟ್ಟಿಯಲ್ಲಿ ಅವರಿರಲಿಲ್ಲ, ಬದಲಿ ಪೈಲಟ್ ಆಗಿದ್ದರು. ವಾಪಸ್ ಬರಲಿಲ್ಲ. ಕಾಣೆಯಾದವರು ಎಂದು ಕಾಗದದಲ್ಲಿ ಬರೆಯಲಾಯಿತು. ಮನೆಯವರಿಗೆ, ದಳದವರಿಗೆ ತಿಳಿದದ್ದು ಅಷ್ಟೇ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದ. ಮಿಸ್ಟೇರ್‌ಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವೊಂದು ಅವತ್ತು ಮಿಸ್ಟೇರ್ ಒಂದರ ಜೊತೆಗಿನ ಕಾದಾಟದಲ್ಲಿ ನೆಲಕ್ಕುರುಳಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಹಾರಿ ಬದುಕಿದ್ದ ಎಂಬುದು ಹೊರಗೆ ಬಂತು. ಅವತ್ತಿನ ದಾಳಿಯ ಮುಂದಾಳು ಓ.ಪಿ. ತನೇಜಾ ವಿವರಗಳನ್ನು ಕೂಡಿಸಿದರು. ಆ ದಾಳಿಯಿಂದ ತಿರುಗಿ ಬಾರದ ವಿಮಾನ ದೇವಯ್ಯನವರದೊಂದೇ. ಆದ್ದರಿಂದ ಕಾದಾಡಿದವರು ಅವರೇ. ಇಪ್ಪತ್ತಮೂರು ವರ್ಷಗಳ ನಂತರ, 1988ರಲ್ಲಿ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಶತ್ರುವಿನ ನೆನಪು, ಹೊರಗಿನವನ ಬರವಣಿಗೆ, ಜೊತೆಗಾರನ ಓದು ಮೂರೂ ಕೂಡಿ ಒಬ್ಬ ಮನುಷ್ಯನನ್ನು ‘ಕಾಣೆಯಾದವರು’ ಪಟ್ಟಿಯಿಂದ ಹೊರಗೆ ತಂದವು. ತನೇಜಾ ಆ ಪುಟಗಳನ್ನು ಪಟ್ಟು ಹಿಡಿದು ಓದದಿದ್ದರೆ?

ನಮ್ಮ ಜಿಲ್ಲೆಯ ಪರಮವೀರ ಚಕ್ರ ವಿಜೇತನ ಕಥೆ ಬೇರೆ. ಕಾರವಾರದ ಕಡಲತಡಿಯಲ್ಲಿ, ಸಂಗ್ರಹಾಲಯವಾದ ಯುದ್ಧನೌಕೆ ಐ.ಎನ್.ಎಸ್. ಚಪಲ್‌ನ ಎದುರು, ಮೇಜರ್ ರಾಮ ರಾಘೋಬ ರಾಣೆ ಪ್ರತಿಮೆಯಾಗಿ ನಿಂತಿದ್ದಾರೆ. ಚೆಂಡಿಯಾ ಮೂಲದ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ. 1940ರಲ್ಲಿ ಬಾಂಬೆ ಇಂಜಿನಿಯರ್ಸ್‌ನಲ್ಲಿ ಸಾಮಾನ್ಯ ಸ್ಯಾಪರ್ ಆಗಿ ಸೇರಿ, ಬರ್ಮಾ ಯುದ್ಧ ನೋಡಿ, ಕೆಳಗಿನಿಂದ ಮೇಲೆ ಬಂದವರು. 1948ರ ಏಪ್ರಿಲ್ 8ರಿಂದ 11ರ ತನಕ ನೌಶೇರಾದಿಂದ ರಾಜೌರಿಯ ದಾರಿಯಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ತೆಗೆಯುತ್ತಾ, ಉರುಳಿಸಿದ ಮರಗಳನ್ನು ಸರಿಸುತ್ತಾ ಟ್ಯಾಂಕುಗಳಿಗೆ ದಾರಿ ಮಾಡಿದರು. ಮೊದಲ ದಿನವೇ ಗಾಯ. ಗುಂಡಿನ ಮಳೆಯಲ್ಲಿ ಮುಂದಿನ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಜಗ್ಗಿ ಚಾಲಕನಿಗೆ ‘ನಿಲ್ಲಿಸು’, ‘ನಡೆ’ ಎಂದು ಸನ್ನೆ ಕೊಟ್ಟರು ಎಂಬ ವಿವರ ಪರಮವೀರರ ಕುರಿತ ಪುಸ್ತಕಗಳಲ್ಲಿ ಬರುತ್ತದೆ. 1947–48ರ ಯುದ್ಧದ ಐವರು ಪರಮವೀರರಲ್ಲಿ ಬದುಕಿ ಉಳಿದು ಪದಕ ಪಡೆದವರು ಲಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ರಾಣೆ, ಇಬ್ಬರೇ. ರಾಣೆ 1994ರ ತನಕ ನಮ್ಮ ನಡುವೆ ಇದ್ದರು.

ಅವರ ಹೆಸರಿನಲ್ಲಿ ಒಂದು ತೈಲ ಹಡಗು ಓಡಿತು. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ಅವರದಾಯಿತು. ಪ್ರತಿಮೆ, ಹಡಗು, ದ್ವೀಪ. ಮಗಳನ್ನು ಕರೆದುಕೊಂಡು ಕಾರವಾರಕ್ಕೆ ಹೋದಾಗ ನೋಡಿದೆ, ಜನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಬಹಳ ಮಂದಿ ಹಿಂದಿನ ಹಡಗು ಕಾಣುವ ಹಾಗೆ. ನಾನು ಆ ಹಗ್ಗದ ಕಥೆ ಹೇಳಿದೆ. ಹತ್ತು ವರ್ಷದ ಹುಡುಗಿ ಕೇಳಿದ್ದು: “ಟ್ಯಾಂಕ್ ಡ್ರೈವರ್‌ಗೆ ತಪ್ಪಿ ಬೇರೆ ಹಗ್ಗ ಅಂತ ಅನಿಸಿದ್ರೆ?” ರಾಣೆಯವರ ಬಗ್ಗೆ ಯಾವ ಭಾಷಣದಲ್ಲೂ ಕೇಳದ ಒಳ್ಳೆಯ ಪ್ರಶ್ನೆ. ಉತ್ತರ ಹೇಳಬಲ್ಲವರು ರಾಣೆ, ಇಲ್ಲವೇ ಆ ಡ್ರೈವರ್.

ಕಡಲ ಊರಿನವರಿಗೆ ತಟ್ಟುವ ಪುಸ್ತಕ ಯಾವುದು ಎಂದರೆ ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಬರೆದ, ಐ.ಎನ್.ಎಸ್. ಖುಕ್ರಿಯಿಂದ ಬದುಕಿ ಬಂದವರ ಹೇಳಿಕೆಗಳ ಸಂಗ್ರಹವನ್ನು ಹೇಳುತ್ತೇನೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಆ ಹಡಗು ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗಿನೊಂದಿಗೇ ಇಳಿದ ಕಥೆ ಎಲ್ಲರಿಗೂ ಗೊತ್ತು. ಪುಸ್ತಕದ ಬೆಲೆ ಇರುವುದು ಉಳಿದವರ ಮಾತಿನಲ್ಲಿ. ಅವರು ರಾತ್ರಿ ನೀರಿನಲ್ಲಿ ತೇಲಿದವರು, ಜೊತೆಗಿದ್ದವನ ದನಿ ನಿಂತದ್ದನ್ನು ಕೇಳಿದವರು. ಮಳೆಗಾಲದಲ್ಲಿ ದೋಣಿ ಮಗುಚಿದ ಸುದ್ದಿಗೆ ದಡದಲ್ಲಿ ಕಾದು ನಿಂತ ಊರಿಗೆ, ತದಡಿಯಾಗಲಿ ಕಾಸರಕೋಡಾಗಲಿ ಭಟ್ಕಳ ಬಂದರಾಗಲಿ, ಈ ದನಿ ಹೊಸದಲ್ಲ. ಕಾರ್ಡೋಜೊ ಸ್ವತಃ ಅದೇ ಯುದ್ಧದಲ್ಲಿ, ಪೂರ್ವದಲ್ಲಿ, ನುಜ್ಜುಗುಜ್ಜಾದ ತನ್ನ ಕಾಲನ್ನು ತಾನೇ ಖುಕ್ರಿಯಿಂದ ಕತ್ತರಿಸಿಕೊಂಡವರು. ಅಂಥವರು ಇನ್ನೊಬ್ಬರ ಮಾತು ಬರೆದುಕೊಳ್ಳುವಾಗ ನಡುವೆ ಬಾಯಿ ಹಾಕುವುದಿಲ್ಲ. 1946ರ ಫೆಬ್ರವರಿಯ ಮುಂಬಯಿ ನಾವಿಕರ ಬಂಡಾಯದ ಬಗ್ಗೆ ಅದರಲ್ಲಿದ್ದ ಬಿ.ಸಿ. ದತ್ತ ಬರೆದ ಪುಸ್ತಕವೂ ಇದೇ ಸಾಲಿಗೆ ಸೇರಬೇಕು. ಕೆಟ್ಟ ಊಟದಿಂದ ಹಿಡಿದು ಸಾಮ್ರಾಜ್ಯದ ತನಕ ನಾವಿಕನ ಮಟ್ಟದಿಂದ ಕಂಡದ್ದು.

ಅಧಿಕಾರಿಯಲ್ಲದವನು ಬರೆದದ್ದು ಭಾರತೀಯ ಭಾಷೆಗಳಲ್ಲಿ ಇಲ್ಲವೆಂದಲ್ಲ. 1873ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ಸಿಪಾಯಿಯಿಂದ ಸುಬೇದಾರ’ ಸೀತಾರಾಮ ಪಾಂಡೆಯದು ಎನ್ನುತ್ತಾರೆ. ಮೂಲ ಹಸ್ತಪ್ರತಿ ಯಾರಿಗೂ ಸಿಕ್ಕಿಲ್ಲ. ನಿಜವಾಗಿ ಅವನದೇ, ಸಾಹೇಬನೊಬ್ಬನ ಕಲ್ಪನೆಯೇ ಎಂಬ ಜಗಳ ಮುಗಿದಿಲ್ಲ. ಗದಾಧರ ಸಿಂಗ್ ಚೀನಾದ ಬಾಕ್ಸರ್ ದಂಗೆ ಅಡಗಿಸಲು ಹೋದ ಬ್ರಿಟಿಷ್ ಸೈನ್ಯದಲ್ಲಿದ್ದು, ತಾನು ಕಂಡ ಚೀನೀಯರ ಪಾಡನ್ನು ಮರುಕದಿಂದ ಹಿಂದಿಯಲ್ಲಿ ಬರೆದ. 1902ರ ‘ಚೀನ್ ಮೇಂ ತೇರಹ್ ಮಾಸ್’. ಬಂಗಾಳದ ಶಿಶಿರ್ ಸರ್ಬಾಧಿಕಾರಿ ಮೊದಲ ಮಹಾಯುದ್ಧದಲ್ಲಿ ಆಂಬ್ಯುಲೆನ್ಸ್ ದಳದ ಸಾಮಾನ್ಯ ಸೇವಕ. ಮೆಸೊಪೊಟೇಮಿಯಾದ ಕೂತ್‌ನಲ್ಲಿ ಮುತ್ತಿಗೆ, ಆಮೇಲೆ ತುರ್ಕರ ಸೆರೆ; ದಿನಚರಿಯ ಹಾಳೆಗಳನ್ನು ಬೂಟಿನಲ್ಲಿ ಅಡಗಿಸಿಟ್ಟುಕೊಂಡೇ ದಾಟಿಸಿದ. ಪುಸ್ತಕವಾದದ್ದು ನಾಲ್ಕು ದಶಕಗಳ ನಂತರ. ಈ ಮೂವರನ್ನು ಓದಿದವನಿಗೆ ಒಂದು ಗೊತ್ತಾಗುತ್ತದೆ: ಸಿಪಾಯಿಗೆ ಹೇಳಲು ಬರುವುದಿಲ್ಲ ಎಂಬುದು ಸುಳ್ಳು. ಹಾಳೆ, ಸಮಯ, ಕೇಳುವವನು, ಅಚ್ಚು ಹಾಕುವವನು ಇಷ್ಟು ಬೇಕು.

ಕನ್ನಡದಲ್ಲಿ ಸಿಪಾಯಿಯ ದನಿ ಪುಸ್ತಕದಂಗಡಿಯಲ್ಲಿ ಕಡಿಮೆ, ಟ್ರಂಕುಗಳಲ್ಲಿ ಹೆಚ್ಚು. ಹವಾಲ್ದಾರರು ತಮ್ಮ ಟ್ರಂಕನ್ನು ಒಮ್ಮೆ ತೆರೆದು ತೋರಿಸಿದ್ದಾರೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ಡಿಸ್ಚಾರ್ಜ್ ಪುಸ್ತಕ, ಬಣ್ಣದ ರಿಬ್ಬನ್ನಿನ ಪದಕಗಳು, ನ್ಯಾಫ್ತಲಿನ್ ಗುಳಿಗೆ, ಎರಡು ಕಟ್ಟು ಇನ್‌ಲ್ಯಾಂಡ್ ಪತ್ರ. ಅವರು ಮನೆಗೆ ಬರೆದವು ಒಂದು ಕಟ್ಟು, ಹೆಂಡತಿ ಬರೆದವು ಇನ್ನೊಂದು. ಹೆಂಡತಿಯ ಪತ್ರಗಳ ವಿಳಾಸದ ಕೊನೆಯಲ್ಲಿ 56 ಎ.ಪಿ.ಒ. ಇಲ್ಲವೇ 99 ಎ.ಪಿ.ಒ.; ಊರು, ಜಿಲ್ಲೆ ಏನೂ ಇಲ್ಲ. “ಗಂಡ ಎಲ್ಲಿದ್ದ ಅಂತ ಕೇಳಿದ್ರೆ ಐವತ್ತಾರು ಅಂತಿದ್ದೆ,” ಎಂದು ಆ ಅಕ್ಕ ನಕ್ಕರು. ಆಮೇಲೆ ತಾವು ಬರೆದ ಪತ್ರಗಳ ಕಟ್ಟನ್ನು ನನ್ನ ಕೈಗೆ ಕೊಡದೆ ಒಳಗಿಟ್ಟರು. ಸರಿಯೇ.

ಮನೆಯವರ ಕಡೆಯಿಂದ ಬಂದ ಪುಸ್ತಕಗಳಲ್ಲಿ ಕರ್ನಾಟಕದವರು ಓದಬೇಕಾದದ್ದು ಕರ್ನಲ್ ವಸಂತ್ ವೇಣುಗೋಪಾಲರ ಬಗ್ಗೆ ಅವರ ಪತ್ನಿ ಸುಭಾಷಿಣಿ ವಸಂತ್, ವೀಣಾ ಪ್ರಸಾದ್ ಜೊತೆ ಸೇರಿ ಬರೆದ ‘ಫಾರೆವರ್ ಫಾರ್ಟಿ’. ಬೆಂಗಳೂರಿನ ವಸಂತ್ 9ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಮುಖ್ಯಸ್ಥರಾಗಿದ್ದು 2007ರ ಜುಲೈ 31ರಂದು ಉರಿ ವಲಯದಲ್ಲಿ ಹೋರಾಡುತ್ತಾ ಮಡಿದರು, ಅಶೋಕ ಚಕ್ರ ಪಡೆದರು. ನಲವತ್ತರಲ್ಲೇ ನಿಂತ ಬದುಕು ಎಂಬುದು ಶೀರ್ಷಿಕೆಯ ಅರ್ಥ. ವೀರಪತ್ನಿ ಎಂಬ ಪದ ನಾವು ಸುಲಭವಾಗಿ ಬಳಸುತ್ತೇವೆ. ಆ ಪದದ ಒಳಗೆ ಕೂತಿರುವ ಹೆಂಗಸು ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ ಎಂದು ಕೇಳುವುದಿಲ್ಲ. ಸುಭಾಷಿಣಿಯವರು ಆಮೇಲೆ ಸೈನಿಕರ ವಿಧವೆಯರಿಗಾಗಿ ವಸಂತರತ್ನ ಪ್ರತಿಷ್ಠಾನ ಕಟ್ಟಿದರು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಏನು ನಡೆಯುತ್ತಿದೆ? ಜುಲೈ 26ರಂದು ಕಾರ್ಗಿಲ್ ದಿನ, ಡಿಸೆಂಬರ್ 7ರಂದು ಧ್ವಜ ದಿನ. ಕಾಲೇಜಿನಲ್ಲಿ ಕಾರ್ಯಕ್ರಮ, ಎನ್.ಸಿ.ಸಿ. ಮಕ್ಕಳ ಸೆಲ್ಯೂಟ್, ಮಾಜಿ ಸೈನಿಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿ, ಸೈನಿಕರಿಗೆ ಮೂರು ನಿಮಿಷ ಕೊಡುತ್ತಾರೆ. ಮೂರು ನಿಮಿಷದಲ್ಲಿ ಅವರು ‘ಜೈ ಹಿಂದ್’ ಹೇಳಿ ಕೂರುತ್ತಾರೆ, ಇನ್ನೇನು ಮಾಡಲಾದೀತು? ಹೆದ್ದಾರಿಯಲ್ಲಿ ತ್ರಿವರ್ಣ ಹೊದೆಸಿದ ಪೆಟ್ಟಿಗೆ ಬಂದಾಗ ಮಾತ್ರ ಊರಿಗೆ ಊರೇ ರಸ್ತೆಗೆ ಬರುತ್ತದೆ, ಅಂಗಡಿ ಮುಚ್ಚುತ್ತದೆ. ಆ ದುಃಖದಲ್ಲಿ ಸುಳ್ಳಿಲ್ಲ. ಆದರೆ ವೀರಗಲ್ಲಿನ ವ್ಯಾಕರಣ ಇನ್ನೂ ನಮ್ಮ ನಾಲಿಗೆಯಲ್ಲೇ ಇದೆ ಎಂದು ನನಗೆ ಆಗೆಲ್ಲ ಅನ್ನಿಸುತ್ತದೆ.

ಒಬ್ಬ ಪ್ರಾಂಶುಪಾಲ ಮಿತ್ರರಿಗೆ ಹೇಳಿದ್ದೆ: ಮುಂದಿನ ಸಲ ಹಣ್ಣಿನ ಬುಟ್ಟಿಯ ದುಡ್ಡಿಗೆ ನಾಲ್ಕು ಪುಸ್ತಕ ತರಿಸಿ, ಹತ್ತು ಮಕ್ಕಳಿಗೆ ಒಂದು ತಿಂಗಳು ಮೊದಲೇ ಓದಲು ಕೊಡಿ, ಆ ದಿನ ಅವರೇ ಪ್ರಶ್ನೆ ಕೇಳಲಿ. ಆಗಬಹುದು ಎಂದರು. ಬುಟ್ಟಿ ಬಂತು, ಪುಸ್ತಕ ಬರಲಿಲ್ಲ. ಅದೂ ಹೋಗಲಿ. ಬುಟ್ಟಿಯಲ್ಲಿದ್ದ ಕಿತ್ತಳೆ ನೋಡಿ ನಕ್ಕವರು ಸಭೆಯಲ್ಲಿ ಇಬ್ಬರೇ, ಹವಾಲ್ದಾರರು ಮತ್ತು ನಾನು.

ಕೊನೆಗೆ ನಾನೇ ನನ್ನ ‘ಹಿಮಾಲಯನ್ ಬ್ಲಂಡರ್’ ಪ್ರತಿಯನ್ನು ಅವರಿಗೆ ಕೊಟ್ಟೆ. ತಿಂಗಳಾದ ಮೇಲೆ ಹೋದಾಗ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದರು, ಶಾಲೆಯ ಮಕ್ಕಳ ಹಾಗೆ ಮೂಲೆ ಮಡಚಿ. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗೆರೆ. ಮಂತ್ರಿಗಳ ಕಡೆ ಒಂದೂ ಇಲ್ಲ. ಷೂ, ಕಂಬಳಿ, ಹೊರೆ ಹೊತ್ತು ನಡೆದದ್ದು, ಅಂಥ ಕಡೆ ಎಲ್ಲ ಗೆರೆ. “ಇದು ಸರಿ ಅದೆ,” ಎಂದು ಬೆರಳಿಟ್ಟು ತೋರಿಸಿದರು. ಇನ್ನೊಂದು ಕಡೆ ಪ್ರಶ್ನಾರ್ಥಕ ಚಿಹ್ನೆ. ಅದೇನೆಂದು ಕೇಳಿದೆ.

“ಇಲ್ಲಿ ಆ ಜನರಲ್ ಸಾಹೇಬರಿಗೆ ಬೈದಿದಾರಲ್ಲ. ಅವರೂ ಒಂದು ಪುಸ್ತಕ ಬರ್ದಾರೆ ಅಂದಿದ್ಯಲ್ಲ ನೀನು?”

“ಹೌದು.”

“ಕನ್ನಡದಲ್ಲಿ ಅದ್ಯಾ?”

ನಾನು ಕಂಡಿಲ್ಲ ಎಂದೆ. ಹವಾಲ್ದಾರರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಹಣ ಕಟ್ಟಲು ಬಂದ ಒಬ್ಬರಿಗೆ ಬಾಗಿಲು ತೆರೆದರು, ಮುಚ್ಚಿದರು.

“ಹಾಂಗಾರೆ ಇಂಗ್ಲಿಷ್ ಪುಸ್ತಕವೇ ತಕ್ಕಂಡು ಬಾ. ನೀ ಓದಿ ಹೇಳು, ನಾ ಕೇಳ್ತೆ. ಅವರೂ ಎಂತ ಹೇಳ್ತ್ರು ನೋಡ್ಬೇಕಲ್ಲ.”

ಮೊದಲಿನ ಪುಸ್ತಕ ಇನ್ನೂ ಅವರ ಟ್ರಂಕಿನಲ್ಲೇ ಇದೆ.